ಹತ್ತನೇ ಗ್ರೇಡಿನ ಅಪ್ಲೈಡ್ ಕೋರ್ಸು ಯೂನಿವರ್ಸಿಟಿ ಬಾಗಿಲು ಮುಚ್ಚುತ್ತದಾ?

ಪತ್ರ: ನಾವು ಕೆನಡಾದ ಒಂಟಾರಿಯೊದಲ್ಲಿದ್ದೇವೆ. ಮಗಳು ಒಂಬತ್ತನೇ ಗ್ರೇಡ್. ಮುಂದಿನ ವರ್ಷದ ಕೋರ್ಸ್ ಆರಿಸುವ ಫಾರ್ಮ್ ಬಂದಿದೆ. ಗಣಿತ, ವಿಜ್ಞಾನ ಎರಡರಲ್ಲೂ ಅಪ್ಲೈಡ್ ತಗೊಳ್ಳಲಿ ಅಂತ ಟೀಚರ್ ಸಲಹೆ ಕೊಟ್ಟಿದ್ದಾರೆ. ಅಪ್ಲೈಡ್ ಅಂದರೆ ಯೂನಿವರ್ಸಿಟಿ ಕಥೆ ಮುಗಿಯಿತು ಅಂತ ನಮ್ಮ ಯಜಮಾನರು. ಹನ್ನೆರಡನೇ ಗ್ರೇಡಿನ ಅಂಕ ಮಾತ್ರ ಲೆಕ್ಕ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ ಅಂತ ಗೆಳತಿ. ಮಗಳಿಗೆ ನರ್ಸ್ ಆಗುವ ಆಸೆ ಇದ್ದಂತಿದೆ. ಯಾರ ಮಾತು ಸರಿ?

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಹತ್ತನೇ ಗ್ರೇಡಿನ ಮುಖ್ಯ ವಿಷಯಗಳು ಎರಡು ಥರ ಸಿಗುತ್ತವೆ: ಸಿದ್ಧಾಂತ ಜಾಸ್ತಿ ಇರುವ ಅಕಾಡೆಮಿಕ್, ದಿನಬಳಕೆಯ ಉದಾಹರಣೆ ಜಾಸ್ತಿ ಇರುವ ಅಪ್ಲೈಡ್. ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜ ಇದೆ. ಗೆಳತಿ ಹೇಳುತ್ತಿರುವುದು ಹನ್ನೆರಡನೇ ಗ್ರೇಡಿನ ಲೆಕ್ಕ. ಯಜಮಾನರಿಗೆ ಇರುವುದು ಹನ್ನೊಂದಕ್ಕೆ ಹೋಗುವ ದಾರಿಯ ಚಿಂತೆ. ನಿಮ್ಮ ಕೈಯಲ್ಲಿರುವ ಫಾರ್ಮಿಗೆ ಎರಡನೆಯದೇ ಹೆಚ್ಚು ಸಂಬಂಧಪಟ್ಟದ್ದು.

ಗೆಳತಿಯ ಮಾತು ಮೊದಲು. ಒಂಟಾರಿಯೊದ ಯೂನಿವರ್ಸಿಟಿಗಳು ಕೇಳುವುದು ಹೈಸ್ಕೂಲ್ ಡಿಪ್ಲೊಮಾ, ಜೊತೆಗೆ ಹನ್ನೆರಡನೇ ಗ್ರೇಡಿನ ಕನಿಷ್ಠ ಆರು ಕೋರ್ಸು. ಆ ಆರೂ ‘ಯು’ (ಯೂನಿವರ್ಸಿಟಿಗೆ ಸಿದ್ಧಪಡಿಸುವ) ಅಥವಾ ‘ಎಂ’ (ಯೂನಿವರ್ಸಿಟಿಗೂ ಕಾಲೇಜಿಗೂ ಸಲ್ಲುವ) ಮಟ್ಟದವಾಗಿರಬೇಕು. ಸರಾಸರಿ ತೆಗೆಯುವುದು ಅವುಗಳದ್ದು. ಬೇಗ ಸೀಟು ಕೊಡುವಾಗ ಹನ್ನೊಂದನೇ ಗ್ರೇಡಿನ ಅಂಕ ನೋಡುವುದುಂಟು. ಹತ್ತನೇ ಗ್ರೇಡಿನ ಅಂಕ ಆ ಸರಾಸರಿಗೆ ಸೇರುವುದಿಲ್ಲ. ಡಿಪ್ಲೊಮಾಕ್ಕೆ ಬೇಕಾದ 30 ಕ್ರೆಡಿಟ್‌ಗಳಲ್ಲಿ ಅಪ್ಲೈಡ್ ಕೋರ್ಸಿಗೂ ಪೂರ್ತಿ ಒಂದು ಕ್ರೆಡಿಟ್ ಸಿಗುತ್ತದೆ. ಇಷ್ಟರ ಮಟ್ಟಿಗೆ ಗೆಳತಿ ಸರಿ.

ಆದರೆ ಆ ‘ಯು’ ಕೋರ್ಸಿನ ತರಗತಿಯಲ್ಲಿ ಕೂರಬೇಕಾದರೆ ಅದಕ್ಕೆ ಮುಂಚಿನ ಕೋರ್ಸು ಮುಗಿದಿರಬೇಕು. ಪ್ರಿರಿಕ್ವಿಸಿಟ್ ಅನ್ನುತ್ತಾರಲ್ಲ, ಅದು. ಅಪ್ಲೈಡ್ ತಗೊಂಡವರಿಗೆ ಅಡ್ಡ ಬರುವುದು ಇದೊಂದೇ. ಇದು ಎಲ್ಲ ವಿಷಯದಲ್ಲೂ ಒಂದೇ ಥರ ಇಲ್ಲ. ಹಾಗಾಗಿ ಒಟ್ಟಾರೆ ಅಪ್ಲೈಡ್ ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೊಂದೇ ವಿಷಯ ಹಿಡಿದು ಕೇಳಬೇಕು.

ಫಾರ್ಮನ್ನು ಒಮ್ಮೆ ಎದುರಿಗೆ ಇಟ್ಟುಕೊಳ್ಳಿ. ವಿಜ್ಞಾನದ ಎದುರು ಎಸ್‌ಎನ್‌ಸಿ2ಡಿ, ಎಸ್‌ಎನ್‌ಸಿ2ಪಿ ಅಂತ ಎರಡು ಕೋಡ್ ಇರುತ್ತವೆ. 2 ಅಂದರೆ ಹತ್ತನೇ ಗ್ರೇಡು. ಕೊನೆಯಲ್ಲಿ ‘ಡಿ’ ಇದ್ದರೆ ಅಕಾಡೆಮಿಕ್, ‘ಪಿ’ ಇದ್ದರೆ ಅಪ್ಲೈಡ್. ಮುಂದೆ ಹನ್ನೊಂದು, ಹನ್ನೆರಡರಲ್ಲಿ ಈ ಕೊನೆಯ ಅಕ್ಷರ ಬದಲಾಗುತ್ತದೆ. ‘ಯು’ ಯೂನಿವರ್ಸಿಟಿಗೆ, ‘ಸಿ’ ಕಾಲೇಜಿಗೆ (ಇಲ್ಲಿ ಕಾಲೇಜು ಅಂದರೆ ಹೆಚ್ಚಾಗಿ ಕಸುಬು ಕಲಿಸಿ ಡಿಪ್ಲೊಮಾ ಕೊಡುವ ಸಂಸ್ಥೆ), ‘ಎಂ’ ಎರಡಕ್ಕೂ, ‘ಇ’ ನೇರ ಕೆಲಸಕ್ಕೆ. ‘ಒ’ ಅಂದರೆ ಓಪನ್, ಯಾರು ಬೇಕಾದರೂ ತಗೋಬಹುದು, ಆದರೆ ಯೂನಿವರ್ಸಿಟಿಯ ಆರರ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ ಮಗಳ ವಿಷಯದಲ್ಲಿ ನನಗೆ ಚಿಂತೆ ಇರುವುದು ವಿಜ್ಞಾನದ ಬಗ್ಗೆಯೇ. ಹನ್ನೊಂದನೇ ಗ್ರೇಡಿನ ‘ಯು’ ಮಟ್ಟದ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಮೂರಕ್ಕೂ ಹತ್ತನೇ ಗ್ರೇಡಿನ ಅಕಾಡೆಮಿಕ್ ವಿಜ್ಞಾನ ಬೇಕು. ಅಪ್ಲೈಡ್ ನಡೆಯುವುದಿಲ್ಲ. ಅಪ್ಲೈಡ್‌ನಿಂದ ಹೋಗಬಹುದಾದದ್ದು ‘ಸಿ’ ಮಟ್ಟದ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್‌ಗೆ. ಪರಿಸರ ವಿಜ್ಞಾನದ ‘ಎಂ’ ಕೋರ್ಸಿಗೂ ಹೋಗಬಹುದು.

ಈಗ ನರ್ಸಿಂಗ್ ನೋಡಿ. ಒಂಟಾರಿಯೊದಲ್ಲಿ ರಿಜಿಸ್ಟರ್ಡ್ ನರ್ಸ್ ಆಗಲು 2005ರಿಂದ ಪದವಿ ಕಡ್ಡಾಯ. ಆ ಪದವಿಗೆ ಸಾಮಾನ್ಯವಾಗಿ ಹನ್ನೆರಡನೇ ಗ್ರೇಡಿನ ‘ಯು’ ಇಂಗ್ಲಿಷ್, ‘ಯು’ ಬಯಾಲಜಿ, ‘ಯು’ ಕೆಮಿಸ್ಟ್ರಿ ಕೇಳುತ್ತಾರೆ. ಗಣಿತವನ್ನೂ ಹಲವು ಕಡೆ ಕೇಳುತ್ತಾರೆ. ಬಯಾಲಜಿ, ಕೆಮಿಸ್ಟ್ರಿ ಎರಡರ ಬೇರೂ ಎಸ್‌ಎನ್‌ಸಿ2ಡಿಯಲ್ಲಿದೆ. ಪ್ರಾಕ್ಟಿಕಲ್ ನರ್ಸ್ ಆಗುವ ದಾರಿ ಬೇರೆ. ಅದು ಕಾಲೇಜಿನ ಡಿಪ್ಲೊಮಾ, ಅದಕ್ಕೆ ‘ಸಿ’ ಮಟ್ಟದ ಕೋರ್ಸುಗಳು ನಡೆಯುತ್ತವೆ. ಅಲ್ಲಿಂದ ಪದವಿಗೆ ದಾಟಿಸುವ ಬ್ರಿಜ್ ಕೋರ್ಸುಗಳೂ ಇವೆ. ಸುತ್ತುದಾರಿ ಹೌದು, ಆದರೆ ಒಳ್ಳೆ ದಾರಿ. ಮಗಳು ತಿಳಿದೇ ಆ ದಾರಿ ಹಿಡಿದರೆ ನನ್ನದೇನೂ ತಕರಾರಿಲ್ಲ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಫಾರ್ಮಿನ ಒಂದು ಟಿಕ್ ಮಾರ್ಕ್ ಅವಳ ಬದಲು ತೀರ್ಮಾನ ಮಾಡಿಬಿಡುವುದು ಬೇಡ, ಅಷ್ಟೇ.

ಗಣಿತದಲ್ಲಿ ಕಥೆ ಬೇರೆ. ಹತ್ತನೇ ಗ್ರೇಡಿನ ಅಪ್ಲೈಡ್ ಗಣಿತದಿಂದ ಹನ್ನೊಂದರ ಎಂಸಿಎಫ್3ಎಂ ಅನ್ನುವ ‘ಎಂ’ ಕೋರ್ಸಿಗೆ ಹೋಗಬಹುದು. ಅಲ್ಲಿಂದ ಹನ್ನೆರಡರ ಡೇಟಾ ಮ್ಯಾನೇಜ್‌ಮೆಂಟಿಗೆ (ಅಂಕಿಅಂಶಗಳ ಗಣಿತ) ನೇರ ದಾರಿ ಇದೆ, ಅದು ‘ಯು’ ಕೋರ್ಸು. ಹನ್ನೆರಡರ ಇನ್ನೊಂದು ‘ಯು’ ಗಣಿತವಾದ ಅಡ್ವಾನ್ಸ್ಡ್ ಫಂಕ್ಷನ್ಸ್ ಬೇಕಾದರೆ ನಡುವೆ ಕಾಲೇಜ್ ಟೆಕ್ನಾಲಜಿ ಗಣಿತ ಅನ್ನುವ ‘ಸಿ’ ಕೋರ್ಸು ಮಾಡಿಕೊಂಡು ಹೋಗಬೇಕು, ಸಮಯ ಜಾಸ್ತಿ ಹಿಡಿಯುತ್ತದೆ. ಎಂಜಿನಿಯರಿಂಗ್ ಕನಸಿದ್ದರೆ ಈ ಸುತ್ತು ಬೇಡ. ನರ್ಸಿಂಗಿಗೆ, ಸಮಾಜ ವಿಜ್ಞಾನಗಳಿಗೆ ಡೇಟಾ ಮ್ಯಾನೇಜ್‌ಮೆಂಟ್ ಸಾಕಾಗುವ ಯೂನಿವರ್ಸಿಟಿಗಳು ಇವೆ. ಒಂದು ಎಚ್ಚರಿಕೆ: ಎಂಸಿಎಫ್3ಎಂ ಎಲ್ಲ ಶಾಲೆಯಲ್ಲೂ ಪ್ರತಿ ವರ್ಷ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ಮೊದಲೇ ಕೇಳಿ.

ಟೀಚರ್ ಇಂಗ್ಲಿಷ್ ಬಗ್ಗೆ ಏನೂ ಹೇಳಿಲ್ಲ, ಒಳ್ಳೇದಾಯಿತು. ಅದನ್ನು ಅಕಾಡೆಮಿಕ್‌ನಲ್ಲೇ ಇಡಿ. ಹೆಚ್ಚುಕಮ್ಮಿ ಎಲ್ಲ ಯೂನಿವರ್ಸಿಟಿ ಕೋರ್ಸಿಗೂ ಹನ್ನೆರಡನೇ ಗ್ರೇಡಿನ ‘ಯು’ ಇಂಗ್ಲಿಷ್ ಬೇಕು. ಅಪ್ಲೈಡ್ ಇಂಗ್ಲಿಷಿನಿಂದ ಅದಕ್ಕೆ ನೇರ ದಾರಿ ಇಲ್ಲ. ಇತಿಹಾಸದಲ್ಲಿ ಅಪ್ಲೈಡ್ ಇದ್ದರೂ ಅಂಥ ನಷ್ಟವಿಲ್ಲ.

ಇನ್ನು ಟೀಚರ್ ಮಾತು. ಅದು ಸಲಹೆ, ಆಜ್ಞೆ ಅಲ್ಲ. ಕೋರ್ಸು ಆರಿಸುವುದು ಮಗಳು ಮತ್ತು ನೀವು. ವಿಷಯಕ್ಕೊಂದು ಥರ ಆರಿಸಬಹುದು, ಎಲ್ಲವೂ ಅಪ್ಲೈಡ್ ಅಥವಾ ಎಲ್ಲವೂ ಅಕಾಡೆಮಿಕ್ ಆಗಬೇಕೆಂದಿಲ್ಲ. ಒಂಬತ್ತನೇ ಗ್ರೇಡಿನಲ್ಲಿ ಈ ವಿಂಗಡಣೆಯನ್ನು ಸರ್ಕಾರ ಗಣಿತದಲ್ಲಿ 2021ರಲ್ಲಿ, ಉಳಿದ ವಿಷಯಗಳಲ್ಲಿ 2022ರಲ್ಲಿ ತೆಗೆದುಹಾಕಿದೆ. ಕಪ್ಪು ಸಮುದಾಯದ ಮತ್ತು ಬಡ ಮನೆಗಳ ಮಕ್ಕಳೇ ಜಾಸ್ತಿಯಾಗಿ ಅಪ್ಲೈಡ್ ಕಡೆ ಹೋಗುತ್ತಿದ್ದರು ಅನ್ನುವುದು ಅದಕ್ಕೆ ದೊಡ್ಡ ಕಾರಣ. ಹಾಗಾಗಿ ಈ ಸಲಹೆ ಏಕೆ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಅವಳಿಗೆ ವಿಷಯವೇ ಕಷ್ಟವಾಗುತ್ತಿದೆಯಾ, ಹೋಮ್‌ವರ್ಕ್ ತಲುಪಿಸದೆ ಅಂಕ ಹೋಗುತ್ತಿದೆಯಾ? ಎರಡಕ್ಕೂ ಮದ್ದು ಬೇರೆ.

ವಿಜ್ಞಾನದ ಎರಡೂ ಕೋರ್ಸಿನಲ್ಲಿ ಪಾಠಗಳು ಬಹುಪಾಲು ಒಂದೇ: ಜೀವಕೋಶ ಮತ್ತು ಅಂಗಗಳು, ರಾಸಾಯನಿಕ ಕ್ರಿಯೆ, ಹವಾಮಾನ ಬದಲಾವಣೆ, ಬೆಳಕು. ಅಕಾಡೆಮಿಕ್‌ನಲ್ಲಿ ಸಿದ್ಧಾಂತ ಜಾಸ್ತಿ, ಅಪ್ಲೈಡ್‌ನಲ್ಲಿ ದಿನಬಳಕೆಯ ಉದಾಹರಣೆ ಮತ್ತು ಕೈಯಾರೆ ಮಾಡುವ ಕೆಲಸ ಜಾಸ್ತಿ. ನಿಮ್ಮ ಮನೆಯಲ್ಲಿ ಒಂದೇ ವಿಷಯಕ್ಕೆ ಹಠ ಹಿಡಿಯುವುದಾದರೆ ವಿಜ್ಞಾನಕ್ಕೆ ಹಿಡಿಯಿರಿ. ಗಣಿತದಲ್ಲಿ ಅವಳಿಗೆ ಸ್ವಲ್ಪ ಉಸಿರಾಡಲು ಬಿಡಿ.

ಆರಿಸಿದ್ದು ತಪ್ಪಾದರೆ? ಅದಕ್ಕೂ ದಾರಿ ಇದೆ. ಅಕಾಡೆಮಿಕ್ ಕೋರ್ಸನ್ನು ಬೇಸಿಗೆ ಶಾಲೆಯಲ್ಲೋ ಆನ್‌ಲೈನಿನಲ್ಲೋ ಮಾಡಿಕೊಳ್ಳಬಹುದು. ಪ್ರಿರಿಕ್ವಿಸಿಟ್ ಬಿಟ್ಟುಕೊಡಿ ಅಂತ ತಂದೆತಾಯಿ ಪ್ರಿನ್ಸಿಪಾಲರನ್ನು ಕೇಳಬಹುದು, ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ಶಾಲೆಯ ಗೈಡೆನ್ಸ್ ಕೌನ್ಸೆಲರ್ ಹತ್ತಿರ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ. ಅವಳಿಗೆ ಇಷ್ಟವಾದ ಒಂದೆರಡು ನರ್ಸಿಂಗ್ ಕೋರ್ಸುಗಳ ಪ್ರವೇಶದ ಪುಟ ತೆರೆದು, ಅವು ಕೇಳುವ ಕೋಡುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿರಲಿ. ಹನ್ನೆರಡರಿಂದ ಹಿಂದಕ್ಕೆ ಹತ್ತರ ತನಕ ಒಂದೊಂದಾಗಿ ಕೌನ್ಸೆಲರೇ ತೋರಿಸಿಕೊಡುತ್ತಾರೆ. ಯಜಮಾನರೂ ಬಂದರೆ ಇನ್ನೂ ಒಳ್ಳೇದು.