ನೆಟ್‌ವರ್ಕ್ ಇಲ್ಲದ ಕಡೆ ಮಾರ್ಫಿನ್ ಲೆಕ್ಕದ ಆ್ಯಪ್

ಭಾಗಮಂಡಲದ ಕಡೆ ಮನೆಭೇಟಿಗೆ ಹೋಗುವ ನರ್ಸ್‌ಗಳು ತೀವ್ರ ನೋವಿಗೆ ಕೊಡುವ ಮಾರ್ಫಿನ್ ಔಷಧಿಯ ಡೋಸ್ ಲೆಕ್ಕಕ್ಕೆ ಯಾವ ಆ್ಯಪ್ ಇಟ್ಟುಕೊಳ್ಳಬೇಕು ಅಂತ ಕೇಳಿದ್ದೀರಿ ಮೇಡಂ. ಹೆಸರು ನೋಡಿ ಆರಿಸಬೇಡಿ, ಪರೀಕ್ಷೆ ಮಾಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸಿಗ್ನಲ್ಲೂ ಹೋಗುತ್ತೆ. ಮಡಿಕೇರಿ ಬಿಡುವ ಮೊದಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ತೆರೆಯದಿದ್ದರೆ ಅದು ಬೇಡ.

ಆಮೇಲೆ ಉತ್ತರ ಗೊತ್ತಿರುವ ಲೆಕ್ಕ ಕೊಡಿ. ಬಾಯಿಗೆ 4 ಗಂಟೆಗೊಮ್ಮೆ 10 ಮಿ.ಗ್ರಾಂ ಮಾರ್ಫಿನ್ ಅಂದರೆ ದಿನಕ್ಕೆ 60. ನಡುವೆ ನೋವು ಎದ್ದಾಗಿನ ಡೋಸ್ ಅದರ ಆರನೇ ಒಂದು ಭಾಗ, 10. ಚರ್ಮದಡಿಯ ಇಂಜೆಕ್ಷನ್‌ಗೆ ಬದಲಿಸಿದರೆ ಒಂದು ಆ್ಯಪ್ ದಿನಕ್ಕೆ 30 ಅನ್ನಬಹುದು, ಇನ್ನೊಂದು 20. ಎರಡೂ ತಪ್ಪಲ್ಲ, ಒಂದು ಬಾಯಿಯ ಡೋಸ್‌ಗೂ ಇಂಜೆಕ್ಷನ್ ಡೋಸ್‌ಗೂ 2:1 ಅನುಪಾತ ಹಿಡಿದಿರುತ್ತೆ, ಇನ್ನೊಂದು 3:1. ತಂಡದಲ್ಲಿ ಒಬ್ಬೊಬ್ಬರದು ಒಂದೊಂದು ಆ್ಯಪ್ ಆದರೆ ಅನಾಹುತ ಆಗುವುದು ಇಲ್ಲೇ. ಡಾಕ್ಟರ್ ಒಂದು ಅನುಪಾತ ನಿಗದಿ ಮಾಡಲಿ, ಎಲ್ಲರ ಫೋನಲ್ಲೂ ಅದೇ ಇರಲಿ.

ಚರ್ಮಕ್ಕೆ ಅಂಟಿಸುವ ಇನ್ನೊಂದು ನೋವಿನ ಔಷಧಿ ಫೆಂಟನಿಲ್ ಪ್ಯಾಚ್‌ದು ಗಂಟೆಗೆ ಮೈಕ್ರೋಗ್ರಾಂ ಲೆಕ್ಕ, ಯೂನಿಟ್ ಎರಡು ಸಲ ನೋಡಿ.

ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆಯ ಅಂಕಿ) ಕೇಳದ ಆ್ಯಪ್ ಆದರೆ, ಕಿಡ್ನಿ ಸೋತವರ ವಿಷಯದಲ್ಲಿ ಅದರ ಅಂಕಿ ದಯವಿಟ್ಟು ನಂಬಬೇಡಿ. ಮಾರ್ಫಿನ್ ಒಡೆದು ಆಗುವ ಅಂಶಗಳು ಮೈಯಲ್ಲೇ ಉಳಿದು ವಿಪರೀತ ತೂಕಡಿಕೆ, ಕೈಕಾಲು ಅದುರುವುದು ಶುರುವಾಗುತ್ತೆ. ಅಂಥವರಿಗೆ ಸಿಗ್ನಲ್ ಸಿಗುವ ಕಡೆ ಬಂದು ಡಾಕ್ಟರನ್ನು ಕೇಳಿಯೇ ಮುಂದಿನ ಡೋಸ್.