ರಿಪೋರ್ಟಿನ ಅಂಕಿ, ಅಪ್ಪನ ವಯಸ್ಸು

ನನ್ನ ಹತ್ತಿರ ಸಲಹೆಗೆ ಬಂದ ಇವರಿಗೆ 47 ವರ್ಷ. ಊರು ಅಂಕೋಲಾ ಕಡೆ, ಕಾರವಾರದಲ್ಲಿ ಅಂಗಡಿ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಕರೆದುಕೊಂಡು ಬಂದವರು ಹೆಂಡತಿ. "ರಾತ್ರಿಯಿಡೀ ಮೊಬೈಲಲ್ಲಿ ಏನೋ ಲೆಕ್ಕ ಹಾಕ್ತಾರೆ ಮೇಡಂ. ಅನ್ನ ಮುಟ್ಟೋದಿಲ್ಲ, ಮೀನು ಮಾಡಿದ್ರೂ ಬೇಡ ಅಂತಾರೆ."

ಜೇಬಿನಿಂದ ರಿಪೋರ್ಟ್ ತೆಗೆದರು. ಮಡಚಿ ಮಡಚಿ ಮಡಿಕೆಯಲ್ಲೇ ಹರಿದಿತ್ತು. ಅಂಚಿನ ತುಂಬ ಪೆನ್ನಿನ ಗುಣಾಕಾರ, ಭಾಗಾಕಾರ. ಬರಿಹೊಟ್ಟೆಯ ಸಕ್ಕರೆ 108, ಇನ್ಸುಲಿನ್ 18. ಎರಡನ್ನೂ ಗುಣಿಸಿ 405ರಿಂದ ಭಾಗಿಸಿದರೆ 4.8. ಇದು ಹೋಮಾ-ಐಆರ್. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದರೆ ಈ ಅಂಕಿ ಏರುತ್ತದೆ. ರಕ್ತದಲ್ಲಿನ ಕೊಬ್ಬು, ಟ್ರೈಗ್ಲಿಸರೈಡ್ 210, ಅದೂ ಜಾಸ್ತಿ. "ಈ ಹೋಮಾ ಜಾಸ್ತಿ ಇದ್ದವರು ಬೇಗ ಸಾಯ್ತಾರೆ ಅಂತ ಓದಿದೆ. ನನಗೆ ಐದು ವರ್ಷ ಉಳಿದಿದೆ, ಅಲ್ವಾ?"

ಐದೇ ಏಕೆ? ಆ ಅಂಕಿ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಗೊತ್ತಾಯಿತು, ಅವರ ಅಪ್ಪ ಹೃದಯಾಘಾತದಿಂದ ತೀರಿಕೊಂಡದ್ದು 52ನೇ ವಯಸ್ಸಿಗೆ. ಅಪ್ಪ ಹೋದ ವಯಸ್ಸು ಹತ್ತಿರವಾದಾಗ ಇಂಥ ಹೆದರಿಕೆ ಬರುವುದನ್ನು ನಾನು ಬಹಳ ಗಂಡಸರಲ್ಲಿ ನೋಡಿದ್ದೇನೆ. ಬಾಯಿಬಿಟ್ಟು ಹೇಳುವವರು ಕಡಿಮೆ. ಅವರ ಅಪ್ಪ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದರಂತೆ, ಬಿಪಿ ನೋಡಿಸಿದ್ದೇ ಇಲ್ಲವಂತೆ.

"ನಿಮ್ಮ ಬಿಪಿ ಎಷ್ಟು?" ಅಂದೆ. "ಅದು ಸ್ವಲ್ಪ ಇದೆ" ಅಂದರು. ರಿಪೋರ್ಟಿನ ಹಿಂಬದಿಯಲ್ಲಿ ಡಾಕ್ಟರು ಬರೆದಿದ್ದರು: 148/92. ಮಾತ್ರೆ ಕೊಟ್ಟಿದ್ದರು. ಬಿಪಿ ಸರಿಯಾಯಿತೆಂದು ಇವರು ತಿಂಗಳಿಗೇ ಬಿಟ್ಟಿದ್ದರು. ದವಡೆಯಲ್ಲಿ ಎಲೆ, ತಂಬಾಕು ನಾನು ಮಾತಾಡುವಾಗಲೂ ಇತ್ತು.

ನಾನು ಹೇಳಿದ್ದು ಇದನ್ನೇ. ಸಾವಿನ ಅಪಾಯದ ಅಧ್ಯಯನಗಳು ಸಾವಿರಾರು ಜನರ ಗುಂಪಿನ ಮಾತು ಹೇಳುತ್ತವೆ, ನಿಮ್ಮ ತಾರೀಕು ಹೇಳುವುದಿಲ್ಲ. ಹೋಮಾಗೆ ಎಲ್ಲರೂ ಒಪ್ಪಿದ ಒಂದೇ ಗೆರೆಯೂ ಇಲ್ಲ, ಇನ್ಸುಲಿನ್ ಪರೀಕ್ಷೆಯ ಅಂಕಿ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ. ಹಾಗಂತ ಸುಮ್ನೆ ಬಿಡುವ ಹಾಗೂ ಇಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.9, ಅಂದರೆ ಸಕ್ಕರೆ ಕಾಯಿಲೆಯ ಅಂಚು. ಸೊಂಟ 98 ಸೆಂಟಿಮೀಟರ್. ನಮ್ಮ ಗಂಡಸರಿಗೆ 90 ದಾಟಬಾರದು. ಆದರೆ ನಿಮ್ಮ ಜೀವಕ್ಕೆ ಮೊದಲು ಕುತ್ತು ತರುವುದು ನೀವು ನೋಡದೆ ಬಿಟ್ಟ ಬಿಪಿ ಮತ್ತು ತಂಬಾಕು.

ಚೀನಾದ ಡಾಚಿಂಗ್‌ನಲ್ಲಿ 1986ರಲ್ಲಿ ಶುರುವಾದ ಅಧ್ಯಯನದ ಬಗ್ಗೆಯೂ ಹೇಳಿದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರು ಆರು ವರ್ಷ ಊಟ, ನಡಿಗೆ ಸರಿಮಾಡಿಕೊಂಡರು. 30 ವರ್ಷದ ನಂತರ ನೋಡಿದರೆ, ಹಾಗೆ ಮಾಡದವರಿಗಿಂತ ಅವರಲ್ಲಿ ಸಾವು 26% ಕಡಿಮೆ. ಇವರು ಅದನ್ನು ನನ್ನಿಂದ ಎರಡು ಸಲ ಹೇಳಿಸಿ ಕೇಳಿಸಿಕೊಂಡರು.

ಡಾಕ್ಟರ ಹತ್ತಿರ ಹೋಗಿ ಮಾತ್ರೆ ಮತ್ತೆ ಶುರುಮಾಡಿ, ಕೇಳದೆ ನಿಲ್ಲಿಸಬೇಡಿ ಎಂದೆ. ತಂಬಾಕು ಬಿಡಲು 1800-11-2356ಕ್ಕೆ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಉಪವಾಸ ಬೇಡ. ಕುಚ್ಚಲಕ್ಕಿ ಅನ್ನ ಅರ್ಧ ಮಾಡಿ, ತರಕಾರಿ ಜಾಸ್ತಿ ಹಾಕಿಕೊಳ್ಳಿ. ಬಂಗಡೆ ಸಾರು ತಿನ್ನಿ, ಕರಿದದ್ದು ಅಪರೂಪಕ್ಕೆ. ಅಂಗಡಿಯಲ್ಲಿ ಕೂತಲ್ಲೇ ಕುಡಿಯುವ ಐದಾರು ಸಕ್ಕರೆ ಚಹಾ ಎರಡಕ್ಕೆ ಇಳಿಸಿ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಊಟವಾದ ಮೇಲೆ ಟ್ಯಾಗೋರ್ ಕಡಲತೀರಕ್ಕೆ ಇಬ್ಬರೂ ಹೋಗಿ. 84 ಕೆಜಿಯಲ್ಲಿ ಆರು ಕೆಜಿ ಇಳಿದರೆ ಸಾಕು. ರಾತ್ರಿ ಮೊಬೈಲ್ ಅಡುಗೆಮನೆಯಲ್ಲಿರಲಿ. ಎದೆ ಬಿಗಿದರೆ, ಬೆವರಿ ಉಸಿರು ಕಟ್ಟಿದರೆ ಲೆಕ್ಕ ಹಾಕದೆ ಆಸ್ಪತ್ರೆಗೆ ಹೊರಡಿ.

ಮೂರು ತಿಂಗಳ ನಂತರ ಬಂದರು. ನಿದ್ದೆ ಬರುತ್ತಿದೆ, ಮಾತ್ರೆ ತಪ್ಪಿಲ್ಲ, ತೂಕ ಎರಡು ಕೆಜಿ ಇಳಿದಿದೆ. ತಂಬಾಕು ಕಡಿಮೆಯಾಗಿದೆ, ನಿಂತಿಲ್ಲ. ಅದಕ್ಕೆ ಇನ್ನೂ ಒಟ್ಟಿಗೆ ಕೂತು ಮಾತಾಡುತ್ತಿದ್ದೇವೆ. ಇನ್ಸುಲಿನ್ ಪರೀಕ್ಷೆ ಮತ್ತೆ ಮಾಡಿಸಲೇ ಎಂದು ಕೇಳಿದರು. ಬೇಡ, ಆ ದುಡ್ಡು ಮನೆಯಲ್ಲೇ ಬಿಪಿ ನೋಡುವ ಮಷಿನ್‌ಗೆ ಇರಲಿ ಎಂದೆ. ಅವರ ಡಾಕ್ಟರೂ ಅದನ್ನೇ ಹೇಳಿದರು.