ನಸುಕಿನಲ್ಲಿ ಮೀನು ತೇಲಿದ್ದು ವಿಷದಿಂದಲೇ?

ಎರಡು ದಿನ ಮೋಡ ಕವಿದ ಮೇಲೆ ಧಾರವಾಡ ಹತ್ತಿರದ ನಿಮ್ಮೂರ ಕೆರೆಯಲ್ಲಿ ನಸುಕಿನಲ್ಲಿ ಮೀನು ತೇಲಿದವು, ಯಾರಾದರೂ ವಿಷ ಹಾಕಿದರಾ ಅಂತ ಕೇಳಿದ್ದೀರಿ. ವಿಷ ಇರಲಿಕ್ಕಿಲ್ಲ ರೀ. ಸತ್ತವುಗಳಲ್ಲಿ ದೊಡ್ಡ ಮೀನೇ ಹೆಚ್ಚಿದ್ದು, ಸಾಯುವ ಮೊದಲು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಮ್ಲಜನಕದ ಕೊರತೆ. ಕಪ್ಪೆ, ಹುಳಗಳೂ ಒಟ್ಟಿಗೆ ಸತ್ತಿದ್ದರೆ ವಿಷದ ಅನುಮಾನಪಡಿ.

ಗಟಾರದ ನೀರು, ಹೊಲದ ಯೂರಿಯಾ ಕೆರೆಗೆ ಇಳಿದರೆ ಪಾಚಿ ಹಬ್ಬುತ್ತದೆ. ಹಗಲು ಅದು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಉಸಿರಾಡಿ ಖಾಲಿ ಮಾಡುತ್ತದೆ. ಮೋಡದ ದಿನ ಗಳಿಕೆ ಕಡಿಮೆ, ಖರ್ಚು ಅಷ್ಟೇ. ನೀರಿನ ಆಮ್ಲಜನಕ ಲೀಟರಿಗೆ 3 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೀನು ಚಡಪಡಿಸುತ್ತವೆ. ಸೂರ್ಯ ಹುಟ್ಟುವ ಹೊತ್ತಿಗೆ ಅಳೆದು ನೋಡಿ, ಮಧ್ಯಾಹ್ನದ ಅಳತೆ ಮೋಸ ಮಾಡುತ್ತದೆ.

ಸದ್ಯಕ್ಕೆ ಮೀನಿನ ಆಹಾರ, ಸಗಣಿ ಹಾಕುವುದು ನಿಲ್ಲಿಸಿ. ರಾತ್ರಿ 2ರಿಂದ ಬಿಸಿಲು ಏರುವವರೆಗೆ ಪಂಪು ಹಚ್ಚಿ ಕೆರೆ ನೀರನ್ನೇ ಎತ್ತರದಿಂದ ಚಿಮ್ಮಿಸಿ.

ನೇರಳೆ ಹೂವಿನ ಅಂತರಗಂಗೆಗೆ ಕಳೆನಾಶಕ ಹೊಡೆಯೋಣ ಅಂದಿದ್ದೀರಿ, ಬೇಡವೇ ಬೇಡ. ಒಮ್ಮೆಲೇ ಕೊಳೆತು ಇದ್ದ ಆಮ್ಲಜನಕವನ್ನೂ ನುಂಗುತ್ತದೆ. ಹೂ ಬಿಡುವ ಮೊದಲೇ ಕಿತ್ತು, ದಂಡೆಯಲ್ಲಲ್ಲ, ಮಳೆನೀರು ಮರಳಿ ಕೆರೆಗೆ ಹರಿಯದ ಕಡೆ ಒಟ್ಟಿ. ಕೆಸರಿನಲ್ಲಿ ಬೀಜ ಹತ್ತಾರು ವರ್ಷ ಬದುಕುತ್ತದೆ. ಗಟಾರ ತಿರುಗಿಸದೆ ಕಿತ್ತರೆ ವರ್ಷಾ ವರ್ಷ ಅದೇ ಕೂಲಿ.